ಮನೆಯ ನಿಸ್ತಂತು ಪೆಟ್ಟಿಗೆಗೆ ಬೀಗ ಹಾಕಿದಿರಾ?

ಚನ್ನಪಟ್ಟಣದಲ್ಲಿರುವ ನಮ್ಮ ಅಕ್ಕನ ಮನೆಗೆ ಮೂರು ಬೀಗಗಳು. ಬೀದಿಯ ಹೆಬ್ಬಾಗಿಲಿಗೊಂದು, ಹಿತ್ತಲ ಬಾಗಿಲಿಗೊಂದು, ಭಾವನವರು ಹಾಲೆಮರದ ಬೊಂಬೆಗಳನ್ನು ಕಡೆದು ಅರಗಿನ ಬಣ್ಣ ಹಿಡಿಸುವ ಕೊಠಡಿಗೊಂದು. ರಾತ್ರಿ ಊಟವಾದ ಮೇಲೆ ಈ ಮೂರನ್ನೂ ಸ್ವತಃ ಎಳೆದು ನೋಡದೆ ಭಾವನವರು ಮಲಗಿದವರಲ್ಲ. ಇಷ್ಟು ಎಚ್ಚರದ ಮನೆಯಲ್ಲಿ ನಾಲ್ಕನೆಯ ಬಾಗಿಲೊಂದು ಎರಡು ವರ್ಷಗಳ ಕಾಲ ಹಗಲಿರುಳೂ ತೆರೆದೇ ಇತ್ತು ಎಂದರೆ ನೀವು ನಂಬಲಾರಿರಿ. ಆ ಬಾಗಿಲಿಗೆ ಚೌಕಟ್ಟಿಲ್ಲ, ಅಗುಳಿಯಿಲ್ಲ, ತೆರೆದರೆ ಕಿರುಗುಟ್ಟುವ ಸದ್ದಿಲ್ಲ. ನಡುಮನೆಯ ಗೋಡೆಯ ಗೂಡಿನಲ್ಲಿ ಹಸಿರು ದೀಪಗಳನ್ನು ಮಿಣುಕಿಸುತ್ತ ಕುಳಿತಿರುವ ಅಂಗೈಯಗಲದ ಬಿಳಿಯ ಪೆಟ್ಟಿಗೆಯೇ ಆ ಬಾಗಿಲು.

ಈ ಪೆಟ್ಟಿಗೆಯನ್ನು ಕೆಲವರು ಮೋಡೆಮ್ ಎನ್ನುವರು, ಕೆಲವರು ರೌಟರ್ ಎನ್ನುವರು. ನಮ್ಮ ಅಕ್ಕ 'ನೆಟ್ಟಿನ ಡಬ್ಬಿ' ಎನ್ನುತ್ತಾಳೆ. 2020ರಲ್ಲಿ ಶಾಲೆಗಳ ಬಾಗಿಲು ಮುಚ್ಚಿ ಮಕ್ಕಳ ಪಾಠವೆಲ್ಲ ಫೋನಿನೊಳಗೆ ನಡೆದ ಕಾಲವನ್ನು ಯಾರೂ ಮರೆತಿರಲಾರರು. ಅಂದು ಅನಿವಾರ್ಯವೆಂದು ಮನೆಗೆ ಬಂದ ಈ ವಸ್ತು ಇಂದು ನಲ್ಲಿ ನೀರಿನಷ್ಟೇ ಸಹಜವಾಗಿದೆ. ಮಾಗಡಿಯ ಗಲ್ಲಿಗಳಲ್ಲಿಯೂ ಕನಕಪುರದ ಹಳ್ಳಿಗಳ ದಾರಿಯಲ್ಲಿಯೂ ವಿದ್ಯುತ್ ಕಂಬಗಳಿಂದ ಕಂಬಗಳಿಗೆ ಕಪ್ಪು ಎಳೆಗಳು ಹಾದುಹೋಗಿವೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿದ ರೈತ ಹಣ ತನ್ನ ಬ್ಯಾಂಕಿನ ಖಾತೆಗೆ ಬಂದಿತೋ ಇಲ್ಲವೋ ಎಂಬುದನ್ನು ಫೋನಿನಲ್ಲಿಯೇ ನೋಡಿಕೊಳ್ಳುತ್ತಾನೆ. ನಮ್ಮ ಭಾವನವರ ಬೊಂಬೆಗಳಿಗೆ ದೂರದೂರದ ಬೇಡಿಕೆ ಬರುವುದೂ, ಹಣ ಬರುವುದೂ ಇದೇ ಡಬ್ಬಿಯ ಮೂಲಕ. ಹಣ ಓಡಾಡುವ ದಾರಿಗೆ ಬೀಗ ಬೇಡವೆ?

ಸಂಜೆಯ ಆಮೆನಡಿಗೆ

ಕಳೆದ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಭಾವನವರು ಸಿಡಿಮಿಡಿಗೊಂಡಿದ್ದರು. “ಬೆಳಗ್ಗೆ ಕುದುರೆ, ಸಾಯಂಕಾಲವಾದರೆ ಆಮೆ! ತಿಂಗಳು ತಿಂಗಳೂ ಹಣ ಮಾತ್ರ ತಪ್ಪದೆ ಕಟ್ಟುತ್ತಿದ್ದೇನೆ ಕಣಯ್ಯ” ಎಂದು ಡಬ್ಬಿಯ ಕಡೆ ಕೈತೋರಿದರು. ಸಂಪರ್ಕ ಕೊಟ್ಟವರ ಕಡೆಯ ಹುಡುಗ ಎರಡು ಸಲ ಬಂದು ನೋಡಿ, ಲೈನಿನಲ್ಲಿ ಏನೂ ದೋಷವಿಲ್ಲವೆಂದು ಹೇಳಿ ಹೋಗಿದ್ದನಂತೆ.

ಅಕ್ಕನ ಮಗಳು ರಾಮನಗರದಲ್ಲಿ ಇಂಜಿನಿಯರಿಂಗ್ ಓದುತ್ತಿರುವವಳು. ಸಂಜೆಯ ರೈಲಿಗೆ ಮನೆಗೆ ಬಂದವಳು ಕೈಕಾಲು ತೊಳೆದು ಕಾಫಿ ಕುಡಿಯುತ್ತಲೇ ಫೋನಿನಲ್ಲಿ ಏನನ್ನೋ ಒತ್ತಿ ನನ್ನ ಮುಂದೆ ಹಿಡಿದಳು.

“ಮಾವ, ಇಲ್ಲಿ ನೋಡಿ. ಈ ಹೊತ್ತಿನಲ್ಲಿ ನಮ್ಮ ಡಬ್ಬಿಗೆ ಅಂಟಿಕೊಂಡಿರುವವರ ಪಟ್ಟಿ.”

ಎಣಿಸಿದೆ. ಹದಿನಾಲ್ಕು. ಮನೆಯಲ್ಲಿದ್ದ ಫೋನು, ಟೀವಿ, ಲ್ಯಾಪ್‌ಟಾಪುಗಳೆಲ್ಲ ಸೇರಿ ಐದು. ಉಳಿದ ಒಂಬತ್ತು ಯಾರವು?

ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕ ಸೆರಗಿನಿಂದ ಕೈಯೊರಸಿಕೊಳ್ಳುತ್ತ ಮೆಲ್ಲನೆ ಹೇಳಿದಳು: “ಪಕ್ಕದ ಮನೆ ಹುಡುಗನಿಗೆ ಪರೀಕ್ಷೆ ಇತ್ತು. ಪಾಪ, ಬಂದು ಕೇಳಿದ. ಇಲ್ಲ ಅನ್ನುವುದು ಹೇಗೆ? ಕೊಟ್ಟೆ.”

ನೆರೆಮನೆಗೆ ಹೆಪ್ಪು ಕೊಟ್ಟಂತೆಯೇ ಆಗಿತ್ತು. ಒಂದು ಚಮಚ ಮೊಸರು ಒಂದು ಮನೆಗೆ ಹೋದರೆ ಅಲ್ಲಿಂದ ಮತ್ತೊಂದು ಮನೆಗೆ, ಅಲ್ಲಿಂದ ಮುಂದಿನ ಬೀದಿಗೆ ಹೋಗುವುದನ್ನು ತಡೆಯುವವರಾರು? ಹುಡುಗ ಗೆಳೆಯನಿಗೆ ಹೇಳಿದ, ಗೆಳೆಯ ಅಣ್ಣನಿಗೆ ಹೇಳಿದ. ಸಂಜೆಯಾದರೆ ಇಡೀ ಗುಂಪು ನಮ್ಮ ಅಕ್ಕನ ಮನೆಯ ಜಗಲಿಯ ಆಸುಪಾಸಿನಲ್ಲಿ ಕುಳಿತು ಕ್ರಿಕೆಟ್ ನೋಡುತ್ತಿತ್ತು.

ಆದರೆ ಹೆಣ್ಣುಮಗಳ ಹುಬ್ಬು ಗಂಟಿಕ್ಕಿದ್ದು ಅದಕ್ಕಲ್ಲ. “ಅಮ್ಮ ಹೇಳದೇ ಇದ್ದಿದ್ದರೂ ಯಾರು ಬೇಕಾದರೂ ಊಹಿಸಬಹುದಿತ್ತು. ಪಾಸ್‌ವರ್ಡು ಒಂದರಿಂದ ಎಂಟರವರೆಗಿನ ಅಂಕಿ. ಪೆಟ್ಟಿಗೆ ಕೂರಿಸಲು ಬಂದವರು ಅವಸರದಲ್ಲಿ ಹಾಕಿಹೋದದ್ದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೆಟ್ಟಿಗೆಯ ಒಳಬೀಗ ಕಾರ್ಖಾನೆಯಿಂದ ಬಂದದ್ದು ಬಂದ ಹಾಗೆಯೇ ಇದೆ.”

ಒಳಬೀಗವೆಂದರೇನು? ಅದನ್ನು ತಿಳಿಯಲು ಮೊದಲು ಈ ಪೆಟ್ಟಿಗೆಯ ಸ್ವಭಾವವನ್ನು ಅರಿಯಬೇಕು.

ಆಲಿಸುವ ಪೆಟ್ಟಿಗೆ, ಮಾತನಾಡುವ ಪೆಟ್ಟಿಗೆ

ನಮ್ಮ ನಾಡಿಗೆ ನಿಸ್ತಂತು ಹೊಸದೇನೂ ಅಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ್ದರು. ಆಮೇಲೆ ಮನೆಮನೆಗೆ ರೇಡಿಯೋ ಬಂದಿತು. ಅಂಚೆ ಕಚೇರಿಗೆ ಹೋಗಿ ಅದಕ್ಕೆ ಲೈಸೆನ್ಸಿನ ಹಣ ಕಟ್ಟಿಬರುತ್ತಿದ್ದುದನ್ನು ಹಿರಿಯರು ಬಲ್ಲರು. ಆದರೆ ರೇಡಿಯೋ ಆಲಿಸುವುದನ್ನು ಮಾತ್ರ ಬಲ್ಲದು. ನಿಮ್ಮ ಮನೆಯ ಮಾತನ್ನು ಅದು ಹೊರಗೆ ಸಾರುತ್ತಿರಲಿಲ್ಲ.

ಇಂದಿನ ಪೆಟ್ಟಿಗೆ ಹಾಗಲ್ಲ. ಕಂಬದಿಂದ ಬರುವ ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ಬೆಳಕಾಗಿ ಬಂದ ಸುದ್ದಿಯನ್ನು ಯಂತ್ರದ ಭಾಷೆಗೆ ತಿರುಗಿಸುವುದು ಮೋಡೆಮಿನ ಕೆಲಸ. ಅದನ್ನು ಇಂಥ ಫೋನಿಗೆ ಇಂಥದು ಎಂದು ಬಟವಾಡೆ ಮಾಡುವುದು ರೌಟರಿನ ಕೆಲಸ. ಸಾಮಾನ್ಯವಾಗಿ ಈ ಎರಡೂ ಈಗ ಒಂದೇ ಪೆಟ್ಟಿಗೆಯಲ್ಲಿ ಅಡಗಿರುತ್ತವೆ. ಮನೆಯೊಳಗಿನ ಬಟವಾಡೆ ನಡೆಯುವುದು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಅಥವಾ 500 ಕೋಟಿ ಸಲ ಕಂಪಿಸುವ ರೇಡಿಯೋ ಅಲೆಗಳಿಂದ. ಇವನ್ನೇ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎನ್ನುವರು. ಮೊದಲನೆಯದನ್ನು ಲೈಸೆನ್ಸಿಲ್ಲದೆ ಬಳಸಲು ಭಾರತ ಸರ್ಕಾರ 2005ರಲ್ಲಿ ಅನುಮತಿಯಿತ್ತಿತು. ಹೀಗೆ ಪ್ರತಿ ಮನೆಯೂ ಒಂದು ಪುಟ್ಟ ಪ್ರಸಾರಕೇಂದ್ರವಾಗಿದೆ. ಅಲೆಗೆ ನಿಮ್ಮ ಕಾಂಪೌಂಡು ಎಲ್ಲಿ ಮುಗಿಯಿತೆಂಬುದು ತಿಳಿಯದು. ಅದು ಬೀದಿಗೂ ಹೋಗುತ್ತದೆ, ಎದುರುಮನೆಗೂ ಹೋಗುತ್ತದೆ.

ಕರ್ನಾಟಕ ಕಂಡ ಒಂದು ಕೇಡು

2017ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಕರ್ನಾಟಕದಲ್ಲಿ ಒಂದು ವಿಚಿತ್ರ ನಡೆಯಿತು. ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಪಡೆದಿದ್ದ ಮನೆಗಳಲ್ಲಿ ಮೋಡೆಮುಗಳು ಸಾಲುಸಾಲಾಗಿ ಕೆಲಸ ನಿಲ್ಲಿಸಿದುವು. ಕಾರಣ ತಂತಿಯ ದೋಷವಾಗಿರಲಿಲ್ಲ. ಇಂಟರ್ನೆಟ್ಟಿನ ದಾರಿಯಿಂದಲೇ ಬಂದ ಒಂದು ದುಷ್ಟ ತಂತ್ರಾಂಶ ಮೋಡೆಮುಗಳ ಒಳಹೊಕ್ಕಿತ್ತು. ಅದು ಯಾವ ಕಿಟಕಿಯನ್ನೂ ಒಡೆಯಲಿಲ್ಲ, ಯಾವ ಗೋಡೆಯನ್ನೂ ಕೊರೆಯಲಿಲ್ಲ. ಕಾರ್ಖಾನೆಯವರು ಇಟ್ಟಿದ್ದ 'ಅಡ್ಮಿನ್' ಎಂಬ ಹೆಸರು, 'ಅಡ್ಮಿನ್' ಎಂಬ ಪಾಸ್‌ವರ್ಡುಗಳನ್ನು ಬದಲಿಸದೆ ಬಿಟ್ಟಿದ್ದ ಪೆಟ್ಟಿಗೆಗಳನ್ನು ಹುಡುಕಿ, ಅದೇ ಕೀಲಿಯಿಂದ ತೆರೆದು ಒಳಗೆ ನಡೆಯಿತು. ಗ್ರಾಹಕರು ಕೂಡಲೇ ಪಾಸ್‌ವರ್ಡು ಬದಲಿಸಿಕೊಳ್ಳಬೇಕೆಂದು ಸಂಸ್ಥೆ ಆಗ ವಿನಂತಿಸಿಕೊಂಡಿತು.

ಅದರ ಹಿಂದಿನ ವರ್ಷವೇ, 2016ರ ಅಕ್ಟೋಬರ್ 21ರಂದು, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ದೊಡ್ಡ ತಾಣಗಳು ಗಂಟೆಗಟ್ಟಲೆ ತೆರೆಯದೆ ಹೋಗಿದ್ದುವು. ಅಲ್ಲಿಯೂ ಇದೇ ಕಥೆ. 'ಮಿರಾಯ್' ಎಂಬ ತಂತ್ರಾಂಶ ಅರುವತ್ತರಷ್ಟು ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿಯನ್ನು ಹಿಡಿದು ಲೋಕವನ್ನೆಲ್ಲ ಸುತ್ತಿ, ಮನೆಮನೆಯ ಕ್ಯಾಮರಾ, ರೌಟರುಗಳನ್ನು ವಶಮಾಡಿಕೊಂಡು ಅವುಗಳ ಸೈನ್ಯ ಕಟ್ಟಿತ್ತು. ಪೆಟ್ಟಿಗೆಯ ಒಡೆಯರಿಗೆ ಅದರ ಸುಳಿವೂ ಇರಲಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಘೋರ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವುದಕ್ಕೆ ಕೆಲವು ನಿಮಿಷಗಳ ಮುಂಚೆ ಸುದ್ದಿಸಂಸ್ಥೆಗಳಿಗೆ ಒಂದು ಬೆದರಿಕೆಯ ಇ-ಮೇಲ್ ಬಂದಿತು. ಜಾಡು ಹಿಡಿದುಹೋದ ಪೋಲೀಸರು ಮುಟ್ಟಿದ್ದು ನವಿ ಮುಂಬಯಿಯ ಒಬ್ಬ ವಿದೇಶೀಯರ ಮನೆಯನ್ನು. ಆ ಮನೆಯ ವೈ-ಫೈಗೆ ಬೀಗವಿರಲಿಲ್ಲ. ಅದನ್ನು ಯಾರೋ ಬಳಸಿಕೊಂಡಿದ್ದರೆಂಬುದು ಆಮೇಲೆ ತಿಳಿಯಿತು. ಆದರೆ ಅಲ್ಲಿಯವರೆಗೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಮನೆಯವರೇ. ಹೊರಗಿನ ಲೋಕಕ್ಕೆ ಕಾಣುವುದು ಪೆಟ್ಟಿಗೆಯ ವಿಳಾಸವೊಂದೇ. ಜಗಲಿಯ ಮೇಲೆ ಕುಳಿತವನ ಮುಖವಲ್ಲ.

ಬೀಗ ಎರಡು, ಕೀಲಿ ಎರಡು

ಈಗ ಒಳಬೀಗದ ಮಾತು. ಈ ಪೆಟ್ಟಿಗೆಗೆ ಬೀಗಗಳು ಎರಡೆಂಬುದು ಬಹುಮಂದಿಗೆ ತಿಳಿಯದು. ವೈ-ಫೈ ಪಾಸ್‌ವರ್ಡು ಹೊರಬೀಗ. ಅದು ಗೊತ್ತಿದ್ದವರು ಮನೆಯ ಸಂಪರ್ಕವನ್ನು ಬಳಸಬಲ್ಲರು. ಪೆಟ್ಟಿಗೆಯ ವ್ಯವಸ್ಥೆಯನ್ನೇ ಬದಲಿಸುವ ಅಡ್ಮಿನ್ ಪಾಸ್‌ವರ್ಡು ಒಳಬೀಗ; ಅದು ಗೊತ್ತಿದ್ದವರು ಮನೆಯ ಯಜಮಾನರೇ ಆಗಿಬಿಡಬಲ್ಲರು. ನಾವು ಬದಲಿಸಿದರೂ ಬದಲಿಸುವುದು ಹೊರಬೀಗವನ್ನು ಮಾತ್ರ.

ಒಳಬೀಗ ತೆರೆದವನು ಏನು ಮಾಡಬಲ್ಲನು? ಬ್ಯಾಂಕಿನ ಹೆಸರನ್ನು ನೀವು ಒತ್ತಿದಾಗ ಆ ಹೆಸರಿಗೆ ಸರಿಯಾದ ವಿಳಾಸವನ್ನು ಎಲ್ಲಿ ಕೇಳಬೇಕೆಂಬುದನ್ನು ಪೆಟ್ಟಿಗೆ ಬರೆದಿಟ್ಟುಕೊಂಡಿರುತ್ತದೆ. ಅದನ್ನು ತಿದ್ದಿಟ್ಟರೆ, ಅಂಚೆಯವನು ತಪ್ಪು ಮನೆಗೆ ಕಾಗದ ಕೊಟ್ಟಂತೆ, ನೀವು ಬ್ಯಾಂಕನ್ನು ಹೋಲುವ ಬೇರೊಂದು ಪುಟಕ್ಕೆ ಹೋಗಿ ನಿಲ್ಲುವಿರಿ. ಆದ್ದರಿಂದಲೇ ಹಣದ ವ್ಯವಹಾರ ಮಾಡುವಾಗ 'ಈ ತಾಣ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದರೆ ಅದನ್ನು ದಾಟಿ ಮುಂದೆ ಹೋಗಲೇಕೂಡದು.

ವಾಚಕರೇ, ನಿಮ್ಮ ಪೆಟ್ಟಿಗೆಯ ತಳವನ್ನು ಒಮ್ಮೆ ಮಗುಚಿ ನೋಡಿ. ಅಲ್ಲಿ ಅಂಟಿಸಿರುವ ಚೀಟಿಯಲ್ಲಿ 192.168.1.1 ಎಂಬಂಥ ಒಂದು ಸಂಖ್ಯೆಯೂ, ಒಂದು ಹೆಸರೂ, ಒಂದು ಪಾಸ್‌ವರ್ಡೂ ಇರುವುವು. ಮನೆಯ ವೈ-ಫೈಗೆ ಸೇರಿರುವ ಫೋನಿನ ಬ್ರೌಸರಿನಲ್ಲಿ ಆ ಸಂಖ್ಯೆಯನ್ನು ಬರೆದರೆ ಪೆಟ್ಟಿಗೆಯ ಒಳಪುಟ ತೆರೆಯುತ್ತದೆ. ಅಕ್ಕನ ಮಗಳು ಅಂದು ರಾತ್ರಿ ಅಲ್ಲಿ ಮಾಡಿದ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇನೆ. ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಲಿಲ್ಲ.

ಮೊದಲನೆಯದು, ಒಳಬೀಗದ ಬದಲಾವಣೆ. ಹೊಸ ಅಡ್ಮಿನ್ ಪಾಸ್‌ವರ್ಡನ್ನು ಭಾವನವರ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ಬೀರುವಿನಲ್ಲಿ ಇಡಿಸಿದಳು. ಬರೆದಿಡುವುದು ತಪ್ಪಲ್ಲವೆ ಎಂದೆ. “ಬೀದಿಯ ಕಳ್ಳ ನಮ್ಮ ಬೀರು ತೆಗೆದು ಓದುವುದಿಲ್ಲ ಮಾವ, ಮರೆತುಹೋಗುವುದೇ ದೊಡ್ಡ ತೊಂದರೆ” ಎಂದಳು.

ಎರಡನೆಯದು, ಬೀಗದ ಜಾತಿ. 1997ರಲ್ಲಿ ವೈ-ಫೈಗೆ ಮೊದಲು ಹಾಕಿದ ಬೀಗದ ಹೆಸರು ವೆಪ್. ಅದನ್ನು ಒಡೆಯುವ ಬಗೆಯನ್ನು ವಿದ್ವಾಂಸರು 2001ರಲ್ಲಿಯೇ ತೋರಿಸಿಕೊಟ್ಟರು. 2004ರಲ್ಲಿ ಡಬ್ಲ್ಯು.ಪಿ.ಎ. 2 ಬಂದಿತು, 2018ರಲ್ಲಿ ಡಬ್ಲ್ಯು.ಪಿ.ಎ. 3 ಬಂದಿತು. ಪೆಟ್ಟಿಗೆಯಲ್ಲಿ ಮೂರನೆಯದಿದ್ದರೆ ಅದು ಶ್ರೇಷ್ಠ. ಹಳೆಯ ಫೋನುಗಳು ಅದಕ್ಕೆ ಒಗ್ಗದಿದ್ದರೆ ಎರಡನೆಯದು ಸಾಕು. ವೆಪ್ ಎಂದಿದ್ದರೆ ಅಥವಾ 'ಓಪನ್' ಎಂದಿದ್ದರೆ ಬಾಗಿಲು ತೆರೆದಿದೆಯೆಂದೇ ತಿಳಿಯಿರಿ.

ಮೂರನೆಯದು, ಹೊರಬೀಗದ ಹೊಸ ಪಾಸ್‌ವರ್ಡು. ಎಂಟು ಅಂಕಿಗಳ ಪಾಸ್‌ವರ್ಡೆಂದರೆ ಸಾಧ್ಯವಿರುವ ಜೋಡಣೆಗಳು ಹತ್ತು ಕೋಟಿ. ನಮಗೆ ಅದು ದೊಡ್ಡ ಸಂಖ್ಯೆಯೆಂದು ತೋರಬಹುದು. ಸೆಕೆಂಡಿಗೆ ಲಕ್ಷಗಟ್ಟಲೆ ಊಹೆಗಳನ್ನು ಪರೀಕ್ಷಿಸಬಲ್ಲ ಯಂತ್ರಕ್ಕೆ ಅದು ನಿಮಿಷಗಳ ಕೆಲಸ. ಅಲೆಯಲ್ಲಿ ಹಾದುಹೋಗುವ ಗುರುತಿನ ವಿನಿಮಯವನ್ನು ಒಮ್ಮೆ ಹಿಡಿದಿಟ್ಟುಕೊಂಡರೆ ಕಳ್ಳನು ತನ್ನ ಮನೆಯಲ್ಲೇ ಕುಳಿತು ಊಹಿಸುತ್ತ ಹೋಗಬಹುದು. ಮೊಬೈಲ್ ನಂಬರನ್ನೇ ಪಾಸ್‌ವರ್ಡಾಗಿ ಇಟ್ಟವರಿಗೂ ಇದೇ ಗತಿ. ಅಲ್ಲಿ ನಿಮಿಷಗಳ ಬದಲು ಗಂಟೆಗಳು, ಅಷ್ಟೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತುಗಳನ್ನು ಕೂಡಿಸಿದರೆ ನೆನಪಿಗೂ ಸುಲಭ, ಊಹೆಗೂ ಕಠಿಣ. ಹುರುಳಿಕಾಳಿನ ಪಕ್ಕದಲ್ಲಿ ಗಡಿಯಾರ, ಅದರ ಪಕ್ಕದಲ್ಲಿ ಆನೆಬಾಲ, ಕೊನೆಗೆ ಒಂದು ಬೆಟ್ಟ, ಹೀಗೆ. ಇಲ್ಲಿ ಅಚ್ಚಾದುದನ್ನು ಮಾತ್ರ ಬಳಸಬೇಡಿ!

ನಾಲ್ಕನೆಯದು, ಡಬ್ಲ್ಯು.ಪಿ.ಎಸ್. ಎಂಬ ಸೌಕರ್ಯವನ್ನು ಆರಿಸುವುದು. ಪಾಸ್‌ವರ್ಡು ಬರೆಯುವ ಕಷ್ಟ ತಪ್ಪಿಸಲು ಮಾಡಿದ ಈ ಏರ್ಪಾಡಿನಲ್ಲಿ ಎಂಟಂಕಿಯ ಒಂದು ಸಂಖ್ಯೆ ಇರುತ್ತದೆ. ಪೆಟ್ಟಿಗೆ ಅದನ್ನು ಎರಡು ಅರ್ಧಗಳಾಗಿ ಬೇರೆ ಬೇರೆ ಪರೀಕ್ಷಿಸುವುದರಿಂದ ಹನ್ನೊಂದು ಸಾವಿರ ಯತ್ನಗಳೊಳಗೆ ಅದು ಬಯಲಾಗುತ್ತದೆಂದು 2011ರಲ್ಲಿ ತಿಳಿದುಬಂದಿತು. 'ರಿಮೋಟ್ ಮ್ಯಾನೇಜ್‌ಮೆಂಟ್' ಎಂಬುದನ್ನೂ ಅವಳು ಆರಿಸಿದಳು. ಮನೆಯ ಹೊರಗಿನಿಂದ, ದೂರದ ಊರಿನಿಂದ, ಒಳಪುಟವನ್ನು ತೆರೆಯುವ ಅವಶ್ಯಕತೆ ಗೃಹಸ್ಥರಿಗೆ ಏಕೆ?

ಐದನೆಯದು, ಪೆಟ್ಟಿಗೆಯ ತಂತ್ರಾಂಶದ ನವೀಕರಣ. ಬೀಗದಲ್ಲಿ ದೋಷ ಕಂಡಾಗ ತಯಾರಕರು ಅದಕ್ಕೆ ತೇಪೆ ಕಳುಹಿಸುವರು. 2017ರಲ್ಲಿ ಡಬ್ಲ್ಯು.ಪಿ.ಎ. 2ರಲ್ಲಿಯೇ ಒಂದು ದೋಷ ಕಂಡುಬಂದು ಅನೇಕ ತಯಾರಕರು ಹೀಗೆ ತೇಪೆ ಹಾಕಿದ್ದರು. ಇದು ತಾನಾಗಿಯೇ ಆಗುವಂತೆ ಇಡಲು ಸಾಧ್ಯವಿದ್ದರೆ ಹಾಗೆಯೇ ಇಡುವುದು ಲೇಸು. ಜೊತೆಗೆ, ವೈ-ಫೈಗೆ ಮನೆಯ ಯಜಮಾನರ ಹೆಸರನ್ನೋ ಮನೆಯ ನಂಬರನ್ನೋ ಇಡಬೇಡಿ. ಯಾವ ಪೆಟ್ಟಿಗೆ ಯಾರದೆಂದು ಬೀದಿಗೆಲ್ಲ ಸಾರಿದಂತಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಪಾಸ್‌ವರ್ಡು ಮರೆತವರು ಪೆಟ್ಟಿಗೆಯ ಹಿಂದಿನ ಸೂಜಿರಂಧ್ರವನ್ನು ಒತ್ತಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವುದುಂಟು. ಗಾಜಿನ ತಂತುವಿನ ಸಂಪರ್ಕದಲ್ಲಿ ಹಾಗೆ ಮಾಡಿದರೆ ಸಂಪರ್ಕ ಕೊಟ್ಟವರು ತುಂಬಿಟ್ಟಿದ್ದ ವಿವರಗಳೂ ಅಳಿಸಿಹೋಗಬಹುದು. ಅವರನ್ನು ಕೇಳಿಯೇ ಒತ್ತಿ. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವಾಗಲಾದರೋ ತಪ್ಪದೆ ಒತ್ತಿ.

ಕಲ್ಲಿನ ನಾಡಿನಲ್ಲಿ ಡಬ್ಬಿಯ ಸ್ಥಾನ

ಬೀಗದಷ್ಟೇ ಮುಖ್ಯವಾದುದು ಸ್ಥಾನ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿತ್ತು. ಭೂವಿಜ್ಞಾನಿಗಳು ಈ ಸೀಮೆಯ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುವರು; ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಕಲ್ಲಿನಲ್ಲಿ, ದಪ್ಪ ಮಣ್ಣಿನಲ್ಲಿ ಕಟ್ಟಿದ ನಮ್ಮ ಹಳೆಯ ಮನೆಗಳ ಗೋಡೆಗಳನ್ನು ದಾಟುವಾಗ ಅಲೆಗಳು ಬಳಲುತ್ತವೆ. ಅದರಲ್ಲಿಯೂ 5 ಗಿಗಾಹರ್ಟ್ಸ್ ಅಲೆ ವೇಗಶಾಲಿಯಾದರೂ ಗೋಡೆಗೆ ಬೇಗ ಸೋಲುತ್ತದೆ, 2.4 ಗಿಗಾಹರ್ಟ್ಸ್ ನಿಧಾನಿಯಾದರೂ ದೂರ ನಡೆಯಬಲ್ಲದು.

ಆದ್ದರಿಂದ ಪೆಟ್ಟಿಗೆ ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ಬಯಲಾಗಿ ಇರಬೇಕು. ಉಕ್ಕಿನ ಬೀರುವಿನ ಹಿಂದೆ, ತಗಡಿನ ಷೀಟಿನ ಮಗ್ಗುಲಲ್ಲಿ, ಮೈಕ್ರೋವೇವ್ ಒಲೆಯ ಪಕ್ಕದಲ್ಲಿ ಇಡಕೂಡದು. ಗಾಜಿನ ತಂತುವನ್ನು ಮೂಲೆಯಲ್ಲಿ ಚೂಪಾಗಿ ಮಡಿಸಿದರೆ ಬೆಳಕು ಸೋರಿಹೋಗುತ್ತದೆ. ಬೀದಿಯ ಕಡೆಯ ಕಿಟಕಿಯಲ್ಲಿ ಇಡುವ ಅಭ್ಯಾಸವಂತೂ ಎರಡು ಬಗೆಯಲ್ಲಿ ನಷ್ಟ. ಅಡಿಗೆಮನೆಗೆ ಅಲೆ ಸಾಲದು, ಬೀದಿಗೆ ಧಾರಾಳ.

ಜಗಲಿಯ ಮರ್ಯಾದೆ

ಎಲ್ಲವೂ ಮುಗಿದಾಗ ಒಂಬತ್ತು ಮಂದಿ ಅತಿಥಿಗಳು ಪಟ್ಟಿಯಿಂದ ಮರೆಯಾಗಿದ್ದರು. ಭಾವನವರು ಗೆದ್ದವರಂತೆ ಮೀಸೆ ತೀಡಿಕೊಂಡರು. ಅಕ್ಕನ ಮುಖ ಮಾತ್ರ ಬಾಡಿತ್ತು.

“ನಾಳೆ ಆ ಹುಡುಗ ಬಂದರೆ ಏನು ಹೇಳಲಿ? ಅವನಪ್ಪ ಇದ್ದಿದ್ದರೆ ಅವನೇ ಯಾಕೆ ನಮ್ಮನ್ನು ಕೇಳುತ್ತಿದ್ದ? ಓದುವ ಹುಡುಗ.”

ಯಾರೂ ಮಾತನಾಡಲಿಲ್ಲ. ಬೀಗದ ವಿಷಯ ಹೇಳುವವರು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ನೆರೆಹೊರೆಯೆಂಬುದು ಇರುವ ಊರಿನಲ್ಲಿ ಬಾಗಿಲು ಮುಚ್ಚುವುದಷ್ಟೇ ಸಂಸಾರವಲ್ಲ.

ಹುಡುಗಿ ನಕ್ಕು, “ಅದಕ್ಕೂ ದಾರಿಯಿದೆಯಮ್ಮ” ಎಂದಳು. ಈಗಿನ ಪೆಟ್ಟಿಗೆಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಎಂಬ ಏರ್ಪಾಡಿರುತ್ತದೆ. ಅದು ನಮ್ಮ ಜಗಲಿಯಿದ್ದಂತೆ. ಬಂದವರಿಗೆ ಅಲ್ಲಿ ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟು ಕೂರಿಸುತ್ತೇವೆ. ನಡುಮನೆಗೆ, ದೇವರಕೋಣೆಗೆ ಹಾಗೆಯೇ ಬಿಡುವುದಿಲ್ಲ. ಅತಿಥಿ ಜಾಲಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡು. ಸರಿಯಾಗಿ ಇಟ್ಟರೆ ಅಲ್ಲಿದ್ದವರಿಗೆ ಇಂಟರ್ನೆಟ್ ಸಿಗುವುದೇ ಹೊರತು ಮನೆಯ ಫೋನು, ಲ್ಯಾಪ್‌ಟಾಪುಗಳ ತಂಟೆಗೆ ಹೋಗಲಾಗದು. ಕೆಲವು ಪೆಟ್ಟಿಗೆಗಳಲ್ಲಿ ಇಷ್ಟೇ ವೇಗವೆಂದೂ, ಇಷ್ಟೇ ಹೊತ್ತೆಂದೂ ಮಿತಿ ಹಾಕಬಹುದು. ಮನೆಯ ಕ್ಯಾಮರಾ, ಅಗ್ಗದ 'ಸ್ಮಾರ್ಟ್' ದೀಪಗಳು ಮುಂತಾದುವನ್ನೂ ಈ ಜಗಲಿಗೇ ಸೇರಿಸಿದರೆ ಕ್ಷೇಮ.

ಆದರೆ ಜಗಲಿಯೂ ಮನೆಯದೇ ಎಂಬುದನ್ನು ಮರೆಯಬಾರದು. ಅಲ್ಲಿ ಕುಳಿತವನು ಮಾಡಿದ ಕೆಡುಕಿಗೂ ಹೊರಗೆ ಕಾಣುವ ವಿಳಾಸ ನಮ್ಮದೇ. ಆದ್ದರಿಂದ ಗುರುತಿದ್ದವರಿಗೆ ಮಾತ್ರ ಕೊಡಬೇಕು, ಆಗಾಗ ಬದಲಿಸಬೇಕು. ಎಲ್ಲ ಎಚ್ಚರಿಕೆಯ ಮೇಲೂ ಹಣ ಕಳೆದುಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು; ಸೈಬರ್ ವಂಚನೆಯ ದೂರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮರುದಿನ ಸಂಜೆ ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ಅಳುಕುತ್ತ ನಿಂತ. ಅಕ್ಕ ಅವನನ್ನು ಕರೆದು ಒಂದು ಚೀಟಿ ಕೊಟ್ಟಳು. “ಇದು ನಿನ್ನ ಓದಿಗೆ. ಯಾರಿಗೂ ಕೊಡಬಾರದು. ತಿಂಗಳಿಗೊಂದು ಸಲ ಬದಲಾಗುತ್ತದೆ, ನೀನೇ ಬಂದು ಕೇಳಿಕೊಂಡು ಹೋಗು” ಎಂದಳು. ಹುಡುಗ ತಲೆಯಾಡಿಸಿ, ಚೀಟಿಯನ್ನು ಅಂಗಿಯ ಜೇಬಿನಲ್ಲಿ ಭದ್ರವಾಗಿಟ್ಟುಕೊಂಡು ಹೋದ.

ಅಂದು ರಾತ್ರಿ ಊಟವಾದ ಮೇಲೆ ಭಾವನವರು ಎಂದಿನಂತೆ ಮೂರು ಬೀಗಗಳನ್ನೂ ಎಳೆದು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಫೋನು ತೆರೆದು, ಪಟ್ಟಿಯನ್ನು ಬೆರಳಿಟ್ಟು ಎಣಿಸತೊಡಗಿದರು. “ಅಪ್ಪ, ಅದನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು” ಎಂದು ಮಗಳು ಎಷ್ಟು ಹೇಳಿದರೂ ಅವರು ಕೇಳುವಂತೆ ಕಾಣಲಿಲ್ಲ. “ಆರು” ಎಂದು ತಮಗೆ ತಾವೇ ಹೇಳಿಕೊಂಡರು. ಐದು ಮನೆಯವು, ಒಂದು ಜಗಲಿಯದು. ದೀಪ ಆರಿಸಿ ಮಲಗಿದರು.